ಭಾವನ ಕಣ್ಣಿನ ಡ್ರಾಪ್ಸ್

ವೈದ್ಯಕೀಯ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವ ಪುಟ್ಟಿಯ ಮೇಜಿನ ಮೇಲೆ ಅಕ್ಕ ಹಾಳೆಗಳನ್ನು ಎಸೆದಳು. ಅರ್ಧದಷ್ಟು ಹಾಳೆಗಳು ಜಾರಿ ನೆಲಕ್ಕೆ ಬಿದ್ದವು. ಎತ್ತಲು ಇಬ್ಬರೂ ಬಗ್ಗಲಿಲ್ಲ.

ಅಕ್ಕ ಕಣ್ಣಿನ ಡಾಕ್ಟರು. ಕಣ್ಣು ಒಣಗಿ ಉರಿಯುವವರಿಗೆ ಹೊಸ ಡ್ರಾಪ್ಸ್ ಹಾಕಿ, ಎರಡು ವರ್ಷ ಪರೀಕ್ಷಿಸಿ ಬರೆದ ಲೇಖನ ನಾಳೆ ಅಚ್ಚಿಗೆ ಹೋಗಬೇಕು. ಹೋದರೆ ಆಸ್ಪತ್ರೆಯಲ್ಲಿ ವಿಭಾಗದ ಮುಖ್ಯಸ್ಥೆಯ ಕುರ್ಚಿ ಅವಳದೇ. ಲೇಖನದ ಕೊನೆಯಲ್ಲೊಂದು ಸಾಲು: ಔಷಧ ತಯಾರಕರೊಂದಿಗೆ ಲೇಖಕಿಗಾಗಲಿ ಮನೆಯವರಿಗಾಗಲಿ ಯಾವ ಸಂಬಂಧವೂ ಇಲ್ಲ. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಇರುವಂತೆ ಅಕ್ಕನ ಜೀವವೆಲ್ಲ ಆ ಸಾಲಿನಲ್ಲಿತ್ತು. ಅದರ ಪಕ್ಕದಲ್ಲೇ ಪುಟ್ಟಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ಡ್ರಾಪ್ಸ್ ತಯಾರಿಸುವ ಕಂಪನಿಯಲ್ಲಿ ಲೇಖಕಿಯ ಗಂಡ ಪಾಲುದಾರ.

"ಇದನ್ನ ನಿನಗ್ಯಾರು ಹೇಳಿದ್ದು?"

"ಭಾವನೇ. ಮೊನ್ನೆ ನಿಮ್ಮನೇಲಿ ಊಟಕ್ಕೆ ಕೂತಾಗ."

"ನನ್ನ ಮನೇಲಿ ಉಂಡು, ಕೈ ತೊಳ್ಕೊಂಡು ಬಂದು ಇಲ್ಲಿ ಚಾಡಿ ಹೇಳ್ತೀಯ."

"ಚಾಡಿ ಅಲ್ಲ ಅಕ್ಕ. ನೀನೇ ಬರೀಬೇಕಾಗಿದ್ದ ಸಾಲು."

"ನನ್ನ ಅಂಕಿ ಅಂಶದಲ್ಲಿ ಒಂದು ತಪ್ಪು ತೋರಿಸು, ಇಲ್ಲೇ ಹರಿದು ಹಾಕ್ತೀನಿ."

"ತಪ್ಪಿಲ್ಲ. ಮೂರು ಸಲ ಓದಿದೀನಿ. ಓದೋರಿಗೆ ಭಾವನ ವಿಷಯ ಗೊತ್ತಿರಲಿ. ಆಮೇಲೆ ನಂಬೋದು ಬಿಡೋದು ಅವರಿಗೆ ಸೇರಿದ್ದು."

"ಗೊತ್ತಾದ್ಮೇಲೆ ಯಾವನು ನಂಬ್ತಾನೆ? ಚಿಕ್ಕಂದಿನಿಂದ ನನ್ನ ಕಂಡ್ರೆ ನಿಂಗೆ ಹೊಟ್ಟೆಕಿಚ್ಚು ಕಣೇ. ಡಾಕ್ಟರಾಗೋಕೆ ಆಗ್ಲಿಲ್ಲ, ಡಾಕ್ಟರುಗಳ ಕಾಮಾ ಫುಲ್‌ಸ್ಟಾಪು ತಿದ್ಕೊಂಡು ಕೂತೆ."

ಪುಟ್ಟಿ ಹಾಳೆಗಳನ್ನು ಆಯ್ದುಕೊಂಡು ಸಂಪಾದಕರ ಕೋಣೆಗೆ ನಡೆದಳು. ಅಕ್ಕ ಅವಳ ಬೆನ್ನು ಸುಟ್ಟುಬಿಡುವ ಹಾಗೆ ನೋಡುತ್ತ ಹಿಂದೆಯೇ ಬಂದಳು.

ಸಂಪಾದಕರು ಕೆಂಪು ಅಕ್ಷರ ಓದಿ, ಇದು ಹೇಗೆ ಗೊತ್ತೆಂದು ಕೇಳಿದರು. ನಮ್ಮ ಭಾವನೇ ಹೇಳಿದ್ದು ಎಂದಳು ಪುಟ್ಟಿ. ಸಂಪಾದಕರು ಕನ್ನಡಕ ಹಣೆಗೇರಿಸಿದರು. "ಡಾಕ್ಟರೇ, ಲೇಖನ ನಿಲ್ಲಿಸ್ತಿದೀನಿ. ಸಾಲು ತಿದ್ದಿ ಕೊಡಿ, ಮತ್ತೆ ಮೊದಲಿಂದ ಪರಿಶೀಲನೆ ಆಗುತ್ತೆ." ಆಮೇಲೆ ಪುಟ್ಟಿಯ ಕಡೆ ತಿರುಗಿದರು. "ಇವರು ನಿಮ್ಮ ಅಕ್ಕ ಅಂತ ನಂಗೆ ಗೊತ್ತಾಗ್ತಿರೋದೇ ಈಗ. ಮೂರು ತಿಂಗಳಿಂದ ಲೇಖನ ನಿಮ್ಮ ಕೈಯಲ್ಲಿತ್ತಲ್ಲ?"

"ಬೇರೆಯವರ ಕೈಗೆ ಹೋದ್ರೆ ಕೆಡಿಸ್ತಾರೇನೋ ಅಂತ, ನಾನೇ ಚೆನ್ನಾಗಿ ನೋಡ್ಕೋಬೇಕು ಅಂತ..."

"ಅಂದ್ರೆ ನೀವೂ ಮುಚ್ಚಿಟ್ರಿ."

ಬಂದಾಗಿನಿಂದ ಮೊದಲ ಬಾರಿಗೆ ಅಕ್ಕ ನಕ್ಕಳು. ಲೇಖಕರೊಂದಿಗಿನ ಸಂಬಂಧ ತಿಳಿಸುವ ಖಾಲಿ ಫಾರಂ ಒಂದನ್ನು ಸಂಪಾದಕರು ಪುಟ್ಟಿಯ ಮುಂದಿಟ್ಟು, ಇನ್ನು ಆರು ತಿಂಗಳು ಯಾವ ಲೇಖನವೂ ಅವಳ ಮೇಜಿಗೆ ಬರುವುದಿಲ್ಲ ಎಂದರು. ಅಕ್ಕ ತನ್ನ ಕೋಟಿನ ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ತುರುಕಿದಳು.

"ಬರಿ. ಸಂಬಂಧ ಅಂತಿರೋ ಕಡೆ 'ಇಲ್ಲ' ಅಂತ ಹಾಕು. ಇವತ್ತಿಂದ ಅದೇ ನಿಜ."

ಪುಟ್ಟಿ 'ಒಡಹುಟ್ಟಿದ ಅಕ್ಕ' ಎಂದು ಬರೆದಳು. ಸಹಿ ಅರ್ಧಕ್ಕಿರುವಾಗಲೇ ಅಕ್ಕ ಪೆನ್ನು ಕಿತ್ತುಕೊಂಡು ಹೊರಟುಹೋದಳು.

ಸಂಪಾದಕರು ತಮ್ಮ ಪೆನ್ನು ಕೊಟ್ಟರು.