ಕಾರ್ಡಿನ ಹಿಂಬದಿ

ಅಪ್ಪ ಹದಿನೆಂಟು ವರ್ಷದಿಂದ ಇಂಗ್ಲಿಷ್-ಕನ್ನಡ ನಿಘಂಟು ಬರೆಯುತ್ತಿದ್ದಾನೆ. ಅಕ್ಷರಕ್ಕೊಂದು ಸಂಪುಟ; ಈಗ ‘ಎಸ್’. ಮನೆಯ ಮುಂದಿನ ಕೋಣೆಯೇ ಆಫೀಸು. ನಾನು ಟೈಪಿಸ್ಟು, ಪ್ರೂಫ್ ನೋಡುವವನು ಸೋದರಮಾವ. ಪದಗಳನ್ನು ಬರೆಯಲು ಹೊಸ ಕಾಗದ ಕೊಳ್ಳುವುದೆಂದರೆ ಅಪ್ಪನಿಗೆ ಮಹಾಪಾಪ. ಒಂದು ಮಗ್ಗುಲು ಖಾಲಿಯಿರುವ ಯಾವ ಹಾಳೆ ಸಿಕ್ಕರೂ, ಔಷಧದ ಚೀಟಿಯಾದರೂ ಸರಿ, ಹರಿದು ಕಾರ್ಡು ಮಾಡಿಬಿಡುತ್ತಾನೆ.

ಇವತ್ತು ಬೆಳಿಗ್ಗೆ ‘ಸಾರಿ’ ಪದದ ನಾಲ್ಕು ಕಾರ್ಡು ಟೈಪಿಗೆ ಬಂದವು. ಫ್ಯಾನಿನ ಗಾಳಿಗೆ ಒಂದು ಮಗುಚಿತು. ಹಿಂದೆ ನನ್ನ ಹೆಸರಿತ್ತು. ಉಳಿದ ಮೂರನ್ನೂ ತಿರುಗಿಸಿ ಜೋಡಿಸಿದೆ; ಒಂದು ಪತ್ರವಾಯಿತು. ಲೈಬ್ರರಿಯ ಕೆಲಸಕ್ಕೆ ನನ್ನನ್ನು ಆಯ್ಕೆ ಮಾಡಿದ್ದಾರೆ, ಹದಿನೈದು ದಿನದೊಳಗೆ ಬಂದು ಸೇರಬೇಕು. ತಾರೀಖು ಐದು ತಿಂಗಳ ಹಿಂದಿನದು. ನಾನೋ, ಆಯ್ಕೆಯಾಗಲಿಲ್ಲವೆಂದು ಮೂರು ದಿನ ಊಟ ಬಿಟ್ಟವಳು.

“ಅಪ್ಪಾ, ಇದೇನು?”

ಕನ್ನಡಕ ಏರಿಸಿ ನೋಡಿದ, ಮುಂಬದಿಯನ್ನು.

“ಚೆನ್ನಾಗಿ ಬಂದಿದೆ ಅಲ್ವಾ? ಎಲ್ಲರೂ ಇದು ದುಃಖ ಅನ್ನೋ ‘ಸಾರೋ’ದಿಂದ ಬಂತು ಅಂತಾರೆ. ಮಣ್ಣು! ಇದರ ಬೇರು ‘ಸೋರ್’. ಹುಣ್ಣು, ನೋವು. ಹಳೇ ಇಂಗ್ಲಿಷಲ್ಲಿ ನೊಂದೋನು ಅಂತ ಅರ್ಥ. ಈಗ ಕಾಲು ತುಳಿದ್ರೂ ಸಾರಿ, ಸೀನಿದ್ರೂ ಸಾರಿ. ಬಳಸಿ ಬಳಸಿ ಸವೆಸಿಬಿಟ್ರು ನನ್ಮಕ್ಕಳು.”

“ಹಿಂದೆ ತಿರುಗಿಸು.”

ತಿರುಗಿಸಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಓ, ಅದಾ. ನೀನು ಹೋಗಿದ್ರೆ ಟೈಪ್ ಮಾಡೋರು ಯಾರಿದ್ರು? ‘ಎಸ್’ ಆಗ ಅರ್ಧಕ್ಕೇ ನಿಂತಿತ್ತು.”

“ನನಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಹೋಗ್ತಿದ್ದೆ.”

ಮಾವ ಪ್ರೂಫಿನಿಂದ ತಲೆಯೆತ್ತಿದ. “ಭಾವ, ಪದದ ಬುಡದವರೆಗೂ ಅಗೆದಿದ್ದೀರಿ. ಒಂದ್ಸಲ ಬಾಯಲ್ಲೂ ಅಂದ್ಬಿಡಿ, ಉದಾಹರಣೆ ವಾಕ್ಯ ಆಗುತ್ತೆ.”

“ಅಪ್ಪ-ಮಗಳ ಮಧ್ಯೆ ಎಂಥ ಸಾರಿ? ಅದೆಲ್ಲ ಹೊರಗಿನೋರಿಗೆ. ನೀನು ಪ್ರೂಫ್ ನೋಡು, ಸಾಕು.”

ಕಾದೆ. ಸಾವಿರಾರು ಪದಗಳನ್ನು ಪಳಗಿಸಿದ ಪಂಡಿತ. ಎರಡಕ್ಷರ ತುಟಿ ದಾಟಲಿಲ್ಲ. ಬದಲಿಗೆ ಪೆನ್ನು ತೆಗೆದು ಮೂರನೇ ಕಾರ್ಡಿನಲ್ಲಿ ಒಂದು ಅಲ್ಪವಿರಾಮ ತಿದ್ದಿದ.

ನಾಲ್ಕೂ ಕಾರ್ಡುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ. ಲೈಬ್ರರಿಯಲ್ಲಿ ಆ ಜಾಗ ಇನ್ನೂ ಖಾಲಿಯಿದ್ದರೆ ಸರಿ. ಇಲ್ಲದಿದ್ದರೆ ಮುಂದಿನದಕ್ಕೆ ಅಲ್ಲೇ ಕೂತು ಅರ್ಜಿ ಬರೆಯುತ್ತೇನೆ.

“ಲೇ, ನನ್ನ ಪದಾನ ಎಲ್ಲಿಗೆ ಒಯ್ತೀಯೇ? ನಾಳೆ ಪ್ರೆಸ್ಸಿಗೆ ಕೊಡಬೇಕು!”

“ಇದು ನನ್ನ ಪತ್ರ.”

ಗೇಟು ದಾಟುವಾಗ ಅಪ್ಪ ಫೋನಿನಲ್ಲಿ ಮಾತಾಡುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ದನಿ ಬೆಣ್ಣೆಯಂತಿತ್ತು.

“ಸಾರಿ ಸಾರ್, ತುಂಬಾ ಸಾರಿ. ನಾಳೆ ಕೊಡೋಕಾಗಲ್ಲ. ಟೈಪಿಸ್ಟ್ ಇವತ್ತು ಬಂದಿಲ್ಲ.”