ಬೋಳು ಬೆನ್ನಿನ ಮುದ್ರೆ

ಕಡಲಾಚೆಯಿಂದ ಬಂದ ಕ್ರೈಸ್ತರು ಆಳುತ್ತಿದ್ದ ಆಕ್ರೆ ಪಟ್ಟಣದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ವೆನಿಸ್‌ನವರಿಗೆ ಜಿನೋವಾದವರನ್ನು ಕಂಡರಾಗದು, ಟೆಂಪ್ಲರ್ ಪಂಥದ ಯೋಧರಿಗೆ ಆಸ್ಪತ್ರೆ ಪಂಥದ ಯೋಧರನ್ನು ಕಂಡರಾಗದು, ಪಾದ್ರಿಗಳಿಗೆ ಯಾರನ್ನು ಕಂಡರೂ ಆಗದು. ಇಂಥ ಊರಿನಲ್ಲಿ ಎಲ್ಲರೂ ತೆಪ್ಪಗೆ ಒಪ್ಪಿಕೊಳ್ಳುತ್ತಿದ್ದದ್ದು ಒಬ್ಬನ ಮಾತನ್ನು ಮಾತ್ರ. ಅವನು ಅರಮನೆಯ ಮುದ್ರೆಗಾರ ಗಾರ್ನಿಯೆ. ಮೂವತ್ತು ವರ್ಷ ಆ ಕೆಲಸ ಮಾಡಿ, ಮೇಣ ಮೂಸಿ ಅದು ಯಾವ ಊರಿನದೆಂದು ಹೇಳುವಷ್ಟು ಪಳಗಿದ್ದ. ಪಳಗಿದವನಿಗೆ ಜಂಬ ಇರಬಾರದೇ? ಇತ್ತು, ಬೇಕಾದಷ್ಟಿತ್ತು.

ಆ ವರ್ಷ ಸುಲ್ತಾನನ ಜೊತೆಗಿದ್ದ ಹತ್ತು ವರ್ಷದ ಕದನವಿರಾಮ ಸಂತ ಯೋಹಾನರ ಹಬ್ಬಕ್ಕೆ ಮುಗಿಯುವುದಿತ್ತು. ಸುಲ್ತಾನನ ರಾಯಭಾರಿ ಇನ್ನೂ ಹತ್ತು ವರ್ಷ ಮುಂದುವರಿಸೋಣ ಎಂದು ಬಂದು, ಊರಾಚೆಯ ಕಬ್ಬಿನ ತೋಟದಲ್ಲಿ ಡೇರೆ ಹಾಕಿ ಕೂತಿದ್ದ. ಆದರೆ ಪೋಪರ ಅಪ್ಪಣೆಯಿಲ್ಲದೆ ಇಲ್ಲಿನ ಸರದಾರರು ಸುಲ್ತಾನನ ಮುಂದೆ ಆಣೆ ಮಾಡುವಂತಿರಲಿಲ್ಲ. ಮಾಡಿದರೆ ಧರ್ಮದಿಂದಲೇ ಬಹಿಷ್ಕಾರ. ಅತ್ತ ಪೋಪರ ಪೀಠವೇ ಮೂರು ವರ್ಷದಿಂದ ಖಾಲಿ ಬಿದ್ದಿತ್ತು. ಹೊಸಬರನ್ನು ಆರಿಸಿದರಂತೆ ಎಂಬ ಸುದ್ದಿಯೊಂದು ವಸಂತದ ಮೊದಲ ಹಡಗಿನಲ್ಲಿ ಬಂದಿತ್ತು, ಅಷ್ಟೇ.

ಗಾರ್ನಿಯೆಗೆ ರಾಜಕಾರಣ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ತಂಗಿ ಎಸ್ಕಿವಾ ಮತ್ತು ಅವಳ ಮೂರು ಮಕ್ಕಳು ಬದುಕಿರುವುದು. ಅವಳು ವಿಧವೆ, ಒಳನಾಡಿನ ಬೆಲ್ಮಿರ್ ಕೋಟೆಯಲ್ಲಿದ್ದಳು, ಆಕ್ರೆಯಿಂದ ಒಂದೂವರೆ ದಿನದ ದಾರಿ. ಗಡಿಯಲ್ಲಿ ಕಾದು ಕೂತ ಸುಲ್ತಾನನ ದಂಡು ಹೊರಟರೆ ಮೊದಲು ಸಿಗುವ ಕೋಟೆ ಅದೇ. ವಿರಾಮ ಮುರಿದರೆ ಬೆಲ್ಮಿರ್ ಉಳಿಯದು ಎನ್ನುವುದು ಆಕ್ರೆಯ ಮೀನು ಮಾರುವವಳಿಗೂ ಗೊತ್ತಿತ್ತು.

ಹಬ್ಬಕ್ಕೆ ಐದು ದಿನ ಇದೆ ಎನ್ನುವಾಗ ಸಾಲ್ವೊ ಎಂಬ ಸನ್ಯಾಸಿ ಹಡಗಿಳಿದು ನೇರ ಸಭೆಗೆ ಬಂದ. ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಕೈಯಲ್ಲಿ ಪೋಪರ ಪತ್ರ. ಸಭೆಯಲ್ಲಿ ಕೂತಿದ್ದವನು ಗೊರ್ಮಂದ್ ಪ್ರಭು, ಕಡಲಾಚೆ ಇರುವ ದೊರೆಯ ಪರವಾಗಿ ಇಲ್ಲಿ ಆಳುವವನು.

"ಹೊಸ ಪೋಪರು ಒಪ್ಪಿದಾರೆ ಪ್ರಭು! ಆಣೆ ಮಾಡಬಹುದು ಅಂತ ಬರೆದಿದಾರೆ," ಎಂದ ಸಾಲ್ವೊ. ಏದುಸಿರು ಬಿಡುತ್ತಿದ್ದ. "ಎಪ್ಪತ್ತು ದಿನ ಕಡಲ ಮೇಲಿದ್ದೆ. ಮಧ್ಯೆ ಎರಡು ಸಲ ಸತ್ತೇ ಹೋದೆ ಅನ್ಕೊಂಡೆ."

ಗಾರ್ನಿಯೆಯ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ದೇವರು ದೊಡ್ಡವನು ಎಂದುಕೊಂಡ. ಆದರೂ ಕಸುಬು ಕಸುಬೇ ತಾನೇ? ಸೆಣಬಿನ ದಾರಕ್ಕೆ ತೂಗುಬಿದ್ದ ಸೀಸದ ಬಿಲ್ಲೆಯನ್ನು ಕೈಗೆತ್ತಿಕೊಂಡ. ಪೀಟರ್ ಮತ್ತು ಪೌಲರ ಮುಖ ಸರಿಯಾಗಿತ್ತು. ಪೌಲರ ಚೂಪುಗಡ್ಡ ಸರಿ. ಅಂಚಿನ ಚುಕ್ಕಿಗಳನ್ನು ಉಗುರಿನಲ್ಲಿ ಎಣಿಸಿದ: ಎಪ್ಪತ್ತಮೂರು. ಅದೂ ಸರಿ. ಬಿಲ್ಲೆ ತಿರುಗಿಸಿದ. ಪೋಪರ ಹೆಸರಿರಬೇಕಾದ ಜಾಗದಲ್ಲಿ ಒಂದಕ್ಷರವಿಲ್ಲ. ಬೋಳು ಸೀಸ.

"ಇದೇನ್ರೀ ಇದು?"

"ಅದಾ? ನಾನು ಹೊರಡೋವಾಗ ಅವರಿಗಿನ್ನೂ ಪಟ್ಟ ಆಗಿರಲಿಲ್ಲ ಯಜಮಾನ್ರೆ. ಪಟ್ಟ ಆಗೋ ತನಕ ಹೆಸರಿನ ಅಚ್ಚು ಒತ್ತಲ್ಲ, ಹೀಗೇ ಕಳಿಸೋದು. ಅಲ್ಲಿ ಎಲ್ಲರಿಗೂ ಗೊತ್ತಿರೋ ಪದ್ಧತಿ."

"ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ."

"ಮೂವತ್ತು ವರ್ಷದಲ್ಲಿ ಎಷ್ಟು ಜನ ಪೋಪರು ಪಟ್ಟಕ್ಕೆ ಮುಂಚೆ ನಿಮ್ಮೂರಿಗೆ ಪತ್ರ ಬರೆದ್ರು? ಹೇಳಿ ನೋಡೋಣ!" ಸನ್ಯಾಸಿಗೆ ಸಿಟ್ಟು ಬಂತು. "ಪಟ್ಟ ಕಟ್ಟಿಸಿಕೊಂಡು ಆಮೇಲೆ ಬರೀತೀನಿ ಅಂತ ಕೂತಿದ್ರೆ ನಿಮ್ಮ ಹಬ್ಬ ಕಾಯ್ತಿತ್ತಾ?"

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಗಾರ್ನಿಯೆಗೆ ಚುಚ್ಚಿತು. ಗೊರ್ಮಂದ್ ಪ್ರಭು ಮಾತ್ರ ನಗಲಿಲ್ಲ, ಮೆಲ್ಲಗೆ ಕೇಳಿದ: "ಗಾರ್ನಿಯೆ, ನಿನ್ನ ಮಾತೇ ಕೊನೆ. ನಿಜವೋ ಸುಳ್ಳೋ?"

ಒಂದು ಗಳಿಗೆ ತಂಗಿಯ ಮುಖ ಕಣ್ಣೆದುರು ಬಂತು. ನಿಜ ಎಂದುಬಿಟ್ಟರೆ ಅವಳು ಉಳಿದಳು. ಆದರೆ ತಂಗಿಗೋಸ್ಕರ ಕಳ್ಳ ಮುದ್ರೆಯನ್ನು ಒಳ್ಳೆಯದೆನ್ನುವುದೇ? ಆಣೆ ಮಾಡಿದ ಮೇಲೆ ಇದು ಕಳ್ಳಪತ್ರವೆಂದು ಬಯಲಾದರೆ ಇಡೀ ನಾಡಿಗೇ ಬಹಿಷ್ಕಾರ. ನೆಟ್ಟಗೆ ನಿಂತು ಹೇಳಿದ: "ಸುಳ್ಳು ಪ್ರಭು. ಕಳ್ಳರಿಗೆ ಯಾವಾಗ್ಲೂ ಬಿಲ್ಲೆಯ ಹಿಂಭಾಗವೇ ಕೈಕೊಡೋದು."

ಇಬ್ಬರು ಭಟರು ಸಾಲ್ವೊನ ರಟ್ಟೆ ಹಿಡಿದು ಬುರುಜಿನ ಸೆರೆಮನೆಗೆ ಎಳೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸುಲ್ತಾನನ ರಾಯಭಾರಿಯ ಡೇರೆ ಎದ್ದಿತು, ಒಂಟೆಗಳು ದಕ್ಷಿಣಕ್ಕೆ ಹೊರಟವು.

ಮರುದಿನ ಗಾರ್ನಿಯೆ ಊರಿನ ಪಾದ್ರಿಗಳಿಗೆಲ್ಲ ಹಿರಿಯರಾದ ಮಹಾಗುರುಗಳ ಇಗರ್ಜಿಗೆ ಹೋದ. ಸನ್ಯಾಸಿಯ ಮೇಲೆ ದೂರು ಬರೆಯಬೇಕಿತ್ತು. ಅವನ ಬಿಲ್ಲೆಯ ಪಕ್ಕದಲ್ಲಿಟ್ಟು ತೋರಿಸಲು ನಾಲ್ಕಾರು ಒಳ್ಳೆಯ ಮುದ್ರೆಗಳು ಬೇಕಿದ್ದವು. ಅಲ್ಲಿನ ಹಳೆಯ ಪೆಟ್ಟಿಗೆಯಿಂದ ಪೋಪರ ಪತ್ರಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರಡಿ, ಬಿಲ್ಲೆಗಳನ್ನು ಮಗುಚುತ್ತ ಹೋದ. ಹೆಸರು, ಹೆಸರು, ಹೆಸರು. ಪೆಟ್ಟಿಗೆಯ ತಳದಲ್ಲಿ, ಅವನ ಅಜ್ಜನ ಕಾಲದ ಪತ್ರವೊಂದರ ಬಿಲ್ಲೆ ಮಗುಚಿದಾಗ ಬೋಳು ಸೀಸ ಅವನನ್ನು ನೋಡಿತು.

ಪತ್ರ ಬಿಡಿಸಿದ. ಕೊನೆಯ ಸಾಲುಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಮಗಿನ್ನೂ ಪಟ್ಟವಾಗಿಲ್ಲ, ಅದಕ್ಕಾಗಿ ಅರ್ಧ ಮುದ್ರೆ ಒತ್ತಿದ್ದೇವೆ, ಇದನ್ನು ಕಂಡು ಯಾರೂ ಸಂಶಯಪಡಬಾರದು. ಗಾರ್ನಿಯೆ ಅದನ್ನು ಮೂರು ಸಲ ಓದಿದ. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ! ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕಸ ಗುಡಿಸುತ್ತಿದ್ದ ಮುದುಕಿ ನೀರು ತರಲೇ ಎಂದು ಕೇಳಿದ್ದು ಅವನಿಗೆ ಕೇಳಿಸಲೇ ಇಲ್ಲ.

ಪತ್ರವನ್ನು ಎದೆಗೊತ್ತಿಕೊಂಡು ಅರಮನೆಗೆ ಓಡಿದ. ಐವತ್ತೆಂಟು ವರ್ಷದ ಗಂಡಸು ಸಂತೆಬೀದಿಯಲ್ಲಿ ಓಡುವುದನ್ನು ಜನ ನಿಂತು ನೋಡಿದರು. ಗೊರ್ಮಂದ್ ಪ್ರಭು ಊಟಕ್ಕೆ ಕೂತಿದ್ದ, ಹುರಿದ ಮೀನಿನ ಮುಳ್ಳು ಬಿಡಿಸುತ್ತಿದ್ದ.

"ತಪ್ಪಾಯ್ತು ಪ್ರಭು! ಆ ಸನ್ಯಾಸಿ ಹೇಳಿದ್ದೆಲ್ಲ ನಿಜ. ಇಲ್ನೋಡಿ, ಇಂಥದೇ ಇನ್ನೊಂದು. ರಾಯಭಾರಿ ಇನ್ನೂ ದೂರ ಹೋಗಿರಲ್ಲ, ಕುದುರೆ ಅಟ್ಟಿದ್ರೆ ಸಿಕ್ತಾನೆ. ನನ್ನ ಬೇಕಾದ್ರೆ ಸೆರೆಗೆ ಹಾಕಿ, ಆದರೆ ಈಗಲೇ ಕುದುರೆ ಕಳಿಸಿ!"

ಪ್ರಭು ಬೋಳು ಬಿಲ್ಲೆಯನ್ನು ನೋಡಿದ. ಆಶ್ಚರ್ಯ ಪಡಲಿಲ್ಲ. ಬೆರಳು ಒರೆಸಿಕೊಂಡ.

"ಕೂತ್ಕೋ. ನನ್ನ ಚಿಕ್ಕಪ್ಪ ಪೋಪರ ಆಸ್ಥಾನದಲ್ಲಿ ಗುಮಾಸ್ತ ಆಗಿದ್ದ ಕಣಯ್ಯಾ. ಅರ್ಧ ಮುದ್ರೆ ನಾನು ಚಿಕ್ಕಂದಿನಲ್ಲೇ ನೋಡಿದೀನಿ."

ಗಾರ್ನಿಯೆ ಕೇಳಿದ: "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಕಡಲಾಚೆ ನಮ್ಮ ದೊರೆ ದಂಡು ಕೂಡಿಸ್ತಿದಾರೆ. ಇಲ್ಲಿ ಶಾಂತಿ ಆಯ್ತು ಅಂದ್ರೆ ಆ ದಂಡು ಹಡಗು ಹತ್ತುತ್ತಾ? ಮನೆಗೆ ಹೋಗಿ ದ್ರಾಕ್ಷಿ ಕೊಯ್ಯುತ್ತೆ. ನನಗೆ ಶಾಂತಿ ಬೇಡವಾಗಿತ್ತು, ಪೋಪರ ಮಾತು ಮೀರಿದೆ ಅನ್ನೋ ಹೆಸರೂ ಬೇಡವಾಗಿತ್ತು. ನೀನು ಸುಳ್ಳು ಅಂದೆ. ಮುಗೀತು."

"ಬೆಲ್ಮಿರ್ ಗತಿ ಏನು ಪ್ರಭು? ನನ್ನ ತಂಗಿ ಇದಾಳೆ ಅಲ್ಲಿ."

"ಕೋಟೆ ಕಟ್ಟೋದು ಯಾಕೆ? ತಡೆಯೋದಕ್ಕೆ. ಒಂದು ತಿಂಗಳು ತಡೆದ್ರೆ ಸಾಕು ನನಗೆ." ಮತ್ತೆ ಮೀನಿಗೆ ಕೈ ಹಾಕಿದ. "ಹೊರಗೆ ಬಾಯಿ ಬಿಟ್ಟೀಯ ಜೋಕೆ. ಪೋಪರ ಪತ್ರಾನ ಸುಳ್ಳು ಅಂದವನು ನೀನು, ನಾನಲ್ಲ."

ಇಂಥ ಮಾತನ್ನು ಮೀನು ತಿನ್ನುತ್ತ ಹೇಳುವವರೂ ಇರುತ್ತಾರೆಯೇ? ಇರುತ್ತಾರೆ. ಗಾರ್ನಿಯೆ ಹೊರಗೆ ಬಂದು ಸವಾರಿಗೆ ಪ್ರಾಣಿಯೊಂದನ್ನು ಹೊಂದಿಸುವಷ್ಟರಲ್ಲಿ ಕತ್ತಲಾಗಿ ಕೋಟೆಬಾಗಿಲು ಮುಚ್ಚಿತ್ತು. ಮಾರನೆಯ ಬೆಳಗ್ಗೆ ಕೋಟೆಬಾಗಿಲು ತೆರೆಯುತ್ತಲೇ ಹೇಸರಗತ್ತೆ ಹತ್ತಿ ಬೆಲ್ಮಿರ್ ದಾರಿ ಹಿಡಿದ. ತಂಗಿ ಮಕ್ಕಳನ್ನಾದರೂ ಕರೆತರಬೇಕು. ಇಡೀ ಊರಿಗೇ ಹೇಳಬೇಕು, ಓಡಿ ಎಂದು.

ಹಬ್ಬಕ್ಕೆ ಇನ್ನೆರಡು ದಿನ ಎನ್ನುವ ಮಧ್ಯಾಹ್ನ ಅವನು ಬೆಲ್ಮಿರ್ ಮುಟ್ಟಿದಾಗ ಕೋಟೆಬಾಗಿಲು ಹಾರುಹೊಡೆದಿತ್ತು. ಹೊರಗಿನ ಕಣದಲ್ಲಿ ಜನ ಗೋಧಿ ತೂರುತ್ತಿದ್ದರು, ಹಾಡುತ್ತಿದ್ದರು. ಬುರುಜಿನ ಮೇಲೆ ಒಬ್ಬ ಕಾವಲುಗಾರನೂ ಇರಲಿಲ್ಲ. ಎಸ್ಕಿವಾ ಮೊರ ಬಿಸಾಕಿ ಓಡಿಬಂದಳು, ಕೂದಲ ತುಂಬ ಹೊಟ್ಟು.

"ಅಣ್ಣಾ! ಹಬ್ಬಕ್ಕೆ ಬಂದ್ಯಾ? ಮೂರು ವರ್ಷ ಆಯ್ತು ಈ ಕಡೆ ತಲೆ ಹಾಕಿ! ಮಕ್ಕಳಾ, ಬನ್ರೋ, ಮಾವ ಬಂದ್ರು!"

"ಎಸ್ಕಿವಾ, ಇದೇನಿದು? ಬಾಗಿಲು ಯಾಕೆ ತೆಗೆದಿದೀರಿ?"

"ಯಾಕೆ ಹಾಕ್ಬೇಕು? ಶಾಂತಿ ಆಯ್ತಲ್ಲ!"

ಅಷ್ಟರಲ್ಲಿ ಕಿಲ್ಲೇದಾರ ಪಾಯೆನ್ ಬಂದ, ಕುಂಟುಗಾಲಿನ ಒಳ್ಳೆಯ ಮನುಷ್ಯ. ಮುಖದ ತುಂಬ ನಗು. "ನಿನ್ನೆಯೇ ಪ್ರಭುಗಳ ಪತ್ರ ಬಂತು ಯಜಮಾನ್ರೆ. ಸುಲ್ತಾನನ ಜೊತೆ ಆಣೆ ಆಗಿದೆ, ಇನ್ನು ಹತ್ತು ವರ್ಷ ಭಯವಿಲ್ಲ, ಯಾರೂ ಊರು ಬಿಡಬೇಡಿ, ಸುಗ್ಗಿ ಮುಗಿಸಿ ಅಂತ. ನಾವು ಮೂಟೆ ಕಟ್ಟಿ ಕೂತಿದ್ವಿ. ಎಲ್ಲ ಬಿಚ್ಚಿದ್ವಿ."

ಗಾರ್ನಿಯೆ ಕೈ ಚಾಚಿದ. ಕಿಲ್ಲೇದಾರ ಸೊಂಟದಿಂದ ಪತ್ರ ತೆಗೆದು ಕೊಟ್ಟ. ಕೆಂಪು ಮೇಣ. ಕುದುರೆ ಏರಿದ ದೊರೆಯ ಚಿತ್ರ. ಅಂಚಿನಲ್ಲಿ ಮೇಣ ಸ್ವಲ್ಪ ಎಡಕ್ಕೆ ಉಬ್ಬಿತ್ತು, ಒತ್ತುವವನ ಹೆಬ್ಬೆರಳಿನ ಗುರುತು. ಆ ಹೆಬ್ಬೆರಳು ಅವನದೇ. ಸಾಲ್ವೊನನ್ನು ಸೆರೆಗೆ ಹಾಕಿದ ದಿನ ಸಂಜೆ ಮಡಿಚಿದ ಪತ್ರಗಳ ಒಂದು ಕಟ್ಟು ಬಂದಿತ್ತು. ಎಂದಿನಂತೆ ಓದದೆಯೇ ಒತ್ತಿದ್ದ. ಒಳಗೆ ಬರೆದದ್ದು ಬರೆದವನ ಪಾಪ, ಹೊರಗಿನದಷ್ಟೇ ತನ್ನದು ಎನ್ನುವುದು ಅವನ ಪಾಠ. ಆ ಪಾಠ ತಂಗಿಯ ಕುತ್ತಿಗೆಗೇ ಬಂದು ಕೂತಿತ್ತು.

ಒಂದು ತಿಂಗಳು ತಡೆಯಬೇಕು ಎಂದಿದ್ದನಲ್ಲ ಪ್ರಭು! ಜನ ಓಡಿಹೋದರೆ ಕೋಟೆ ತಡೆಯುವವರು ಯಾರು? ಅದಕ್ಕೇ ಈ ಪತ್ರ: ದಂಡು ಎದುರಿಗೇ ಬಂದ ಮೇಲೆ ಬಾಗಿಲು ಹಾಕಿ ಕಾದಾಡದೆ ಅವರಿಗೆ ಬೇರೆ ದಾರಿಯಿರದು. ಎಲ್ಲವನ್ನೂ ಹೇಳಿಬಿಡಲೇ? ಪೋಪರ ಪತ್ರ ಬಂತು, ನಾನು ತಿಳಿಯದೆ ಸುಳ್ಳೆಂದೆ, ಪ್ರಭು ತಿಳಿದೂ ಸುಮ್ಮನಿದ್ದ ಎಂದು? ದೊರೆಯ ಮುದ್ರೆಯ ಪತ್ರ ಕೈಯಲ್ಲಿರುವಾಗ ಯಾರು ನಂಬುತ್ತಾರೆ? ಮುದುಕನಿಗೆ ಬಿಸಿಲು ಹೊಡೆದಿದೆ ಎಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಅಷ್ಟರಲ್ಲಿ ಹಬ್ಬ ಬಂದಿರುತ್ತದೆ.

"ಯಾಕೆ ಯಜಮಾನ್ರೆ, ಮುಖ ಬಿಳಿಚಿಕೊಂಡ್ರಿ? ಮುದ್ರೆ ಸರಿ ಇದೆಯಲ್ಲ?"

ಜನ ಕಣ ಬಿಟ್ಟು ಸುತ್ತ ನೆರೆದಿದ್ದರು. ಗಾರ್ನಿಯೆ ಪತ್ರವನ್ನು ಬಿಸಿಲಿಗೆ ಹಿಡಿದ.

"ಈ ಕುದುರೆ ಬಾಲ ನೋಡಿ. ಕೆಳಗೆ ಇಳಿದಿದೆ. ನಮ್ಮ ಮುದ್ರೆಯಲ್ಲಿ ಬಾಲ ಮೇಲೆ ಎತ್ತಿರುತ್ತೆ." ಧ್ವನಿ ನಡುಗಲಿಲ್ಲ, ಅದೇ ಅವನಿಗೆ ಅಚ್ಚರಿಯಾಯಿತು. "ಇದು ಸುಳ್ಳು ಮುದ್ರೆ. ಶತ್ರುಗಳ ಕೈವಾಡ. ಶಾಂತಿ ಆಗಿಲ್ಲ. ನಾಡಿದ್ದು ಬೆಳಗ್ಗೆ ದಂಡು ಬರುತ್ತೆ. ಈಗಲೇ ಹೊರಡಿ."

ಕಿಲ್ಲೇದಾರ ಪತ್ರ ಕಸಿದುಕೊಂಡು ಬಾಲವನ್ನೇ ದಿಟ್ಟಿಸಿದ. ಅವನು ಜನ್ಮದಲ್ಲಿ ಆ ಬಾಲವನ್ನು ನೋಡಿದವನಲ್ಲ. "ಹೌದಲ್ರೀ! ಇಳಿದಿದೆ! ಥೂ, ನನ್ನ ಕಣ್ಣಿಗೆ ಮಣ್ಣು ಹಾಕ!" ಎಂದು ಹಣೆ ಚಚ್ಚಿಕೊಂಡ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಆಕ್ರೆಯ ಗಾರ್ನಿಯೆ ಸುಳ್ಳೆಂದ ಮೇಲೆ ಸುಳ್ಳೇ. ಹೆಂಗಸೊಬ್ಬಳು ಕಿರುಚಿದಳು. ಎಲ್ಲರೂ ಮನೆಗಳ ಕಡೆ ಓಡಿದರು. ಹೊತ್ತು ಇಳಿಯುವ ಮುಂಚೆ ಕತ್ತೆ, ಗಾಡಿ, ಮುದುಕರು, ಬಾಣಂತಿಯರು, ಸಿಪಾಯಿಗಳು, ಒಟ್ಟು ಮುನ್ನೂರು ಜನ ಆಕ್ರೆಯ ದಾರಿಯಲ್ಲಿದ್ದರು. ತೂರಿದ ಗೋಧಿ ರಾಶಿ ಕಣದಲ್ಲೇ ಉಳಿಯಿತು.

ಮಕ್ಕಳು ಮರಿ ಕಟ್ಟಿಕೊಂಡು ದಾರಿ ಬೇಗ ಸಾಗಲಿಲ್ಲ. ಹಬ್ಬದ ದಿನ ಬೆಳಗ್ಗೆ ಅವರಿನ್ನೂ ಆಕ್ರೆಯ ಹಿಂದಿನ ಗುಡ್ಡ ಹತ್ತುತ್ತಿದ್ದರು. ಎಸ್ಕಿವಾಳ ಕಿರಿಯ ಮಗಳು ಹಿಂದಕ್ಕೆ ತಿರುಗಿ ಕೈ ತೋರಿಸಿದಳು. "ಅಮ್ಮಾ, ನಮ್ಮೂರಲ್ಲಿ ಹಬ್ಬದ ಬೆಂಕಿ ಹಾಕಿದಾರೆ!"

ದೂರದಲ್ಲಿ, ಬೆಲ್ಮಿರ್ ದಿಕ್ಕಿನಲ್ಲಿ, ಕಪ್ಪು ಹೊಗೆ ದಪ್ಪಗೆ ಏಳುತ್ತಿತ್ತು. ಹಬ್ಬದ ಬೆಂಕಿ ಹಾಕಲು ಅಲ್ಲಿ ಯಾರೂ ಉಳಿದಿರಲಿಲ್ಲ. ಮುನ್ನೂರು ಜನ ಬಾಯಿಗೆ ಕೈ ಇಟ್ಟು ನಿಂತರು. ಕಿಲ್ಲೇದಾರ ಮೊಣಕಾಲೂರಿ ಗೋಳೋ ಎಂದು ಅತ್ತ. ಎಸ್ಕಿವಾ ಅಣ್ಣನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನೀನು ಬರದೇ ಇದ್ದಿದ್ರೆ ನಾವು ಅಲ್ಲೇ ಇರ್ತಿದ್ವಿ ಅಣ್ಣಾ. ಆ ಕಳ್ಳ ಮುದ್ರೆ ಯಾರು ಮಾಡಿದ್ನೋ, ಅವನ ಕೈ ಕೊಳೆತು ಹೋಗ!"

ಗಾರ್ನಿಯೆ ಕೈ ಬಿಡಿಸಿಕೊಂಡ. "ಹಾಗನ್ಬೇಡ. ಈ ಕೈಯೇ ಅದು."

"ಏನು?"

"ಆ ಮುದ್ರೆ ನಾನೇ ಒತ್ತಿದ್ದು. ಅಪ್ಪಟ ನಿಜವಾದ ಮುದ್ರೆ."

ಎಸ್ಕಿವಾ ಅವನನ್ನೇ ನೋಡಿದಳು. ಅಣ್ಣ ಸುಳ್ಳು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ನಿಜವಾದ ಮುದ್ರೇನ ಸುಳ್ಳು ಅಂದ್ಯಾ? ನೀನು?"

"ಒಂದು ವಾರದಲ್ಲಿ ಎರಡು ಸಲ ಅಂದೆ. ಮೊದಲನೇ ಸಲ ಗೊತ್ತಿಲ್ಲದೆ ಅಂದೆ, ಅದಕ್ಕೇ ನಿನ್ನ ಮನೆ ಉರೀತಿರೋದು."

ಅವಳು ಒಮ್ಮೆ ಹೊಗೆಯ ಕಡೆ ನೋಡಿದಳು, ಒಮ್ಮೆ ಅವನ ಕಡೆ. ಗಾರ್ನಿಯೆ ಅವಳ ಉತ್ತರಕ್ಕೆ ಕಾಯಲಿಲ್ಲ. ಮಕ್ಕಳನ್ನು ಹೇಸರಗತ್ತೆಯ ಮೇಲೆ ಕೂರಿಸಿ ಹಗ್ಗವನ್ನು ತಂಗಿಯ ಕೈಗೆ ಕೊಟ್ಟ. ಬುರುಜಿನ ಸೆರೆಯಲ್ಲಿ ಒಬ್ಬ ಸನ್ಯಾಸಿ ಇದ್ದಾನೆ, ಅವನನ್ನು ಬಿಡಿಸಬೇಕು, ಜನರೆದುರು ಎಲ್ಲ ಹೇಳಬೇಕು, ನೀವು ನಿಧಾನವಾಗಿ ಬನ್ನಿ ಎಂದ. ಆಮೇಲೆ ಒಬ್ಬನೇ ಗುಡ್ಡ ಇಳಿದು ಪಟ್ಟಣದ ಬಾಗಿಲ ಕಡೆ ನಡೆದ.