ಫಲಕದ ಐದನೇ ಸಾಲು

ಬೆಳಗಿನ ಗಾಡಿ ಹೊರಟ ಮೇಲೆ ಸ್ಟೇಷನ್ ಮಾಸ್ಟರು ಪ್ಲಾಟ್‌ಫಾರ್ಮಿಗೆ ಒಂದು ಸುತ್ತು ಹಾಕುವುದು ವಾಡಿಕೆ. ಕಾಗದದ ಚೂರು ಕಂಡರೆ ಕಸ ಗುಡಿಸುವವನಿಗೆ ಕೂಗು, ಬೆಂಚಿನ ಮೇಲೆ ಕಾಲಿಟ್ಟವರಿಗೆ ಗದರಿಕೆ. ಈ ವಾರವಂತೂ ಸಿಟ್ಟು ಅವರ ಮೂಗಿನ ತುದಿಯಲ್ಲೇ ಇತ್ತು. ನಿಲ್ದಾಣಕ್ಕೆ ನೂರು ವರ್ಷ ತುಂಬಿತ್ತು. ನಾಳೆ ಮೇಲಧಿಕಾರಿ ಬರುವವರಿದ್ದರು. ಗೋಡೆಯ ಮೇಲಿನ ದೊಡ್ಡ ಫಲಕ ಇನ್ನೂ ಮುಗಿದಿರಲಿಲ್ಲ.

ಫಲಕ ಬರೆಯುತ್ತಿದ್ದವಳು ನಲವತ್ತರ ಆಸುಪಾಸಿನ ಪೇಂಟರ್. ಎಡಕ್ಕೆ ನಿಲ್ದಾಣದ ಚರಿತ್ರೆ, ಬಲಕ್ಕೆ ಸೌಲಭ್ಯಗಳು. ಎರಡನ್ನೂ ಮಾಸ್ಟರೇ ಹಳೆಯ ಕಡತಗಳನ್ನು ತಡಕಾಡಿ ಬರೆದುಕೊಟ್ಟಿದ್ದರು. ಮೊದಲ ಉಗಿಬಂಡಿ ಬಂದ ದಿನ, ಎಂಜಿನ್ನಿನ ನೀರಿಗಾಗಿ ತೋಡಿದ ಬಾವಿ, ಗಿರಣಿಯ ಹೆಂಗಸರು ಅರ್ಜಿ ಮೇಲೆ ಅರ್ಜಿ ಕೊಟ್ಟು ಕಟ್ಟಿಸಿಕೊಂಡ ಮಹಿಳೆಯರ ಕೊಠಡಿ, ಯಾವುದನ್ನೂ ಬಿಟ್ಟಿರಲಿಲ್ಲ.

ಸೌಲಭ್ಯಗಳ ನಾಲ್ಕು ಸಾಲು ಮುಗಿಸಿ ಅವಳು ಏಣಿಯಿಂದ ಇಳಿದಳು.

"ಐದನೇದು ಬರೆಯೋಕಾಗಲ್ಲ ಸಾರ್. ಮಹಿಳೆಯರ ವಿಶ್ರಾಂತಿ ಕೊಠಡಿ, ಶೌಚಾಲಯ ಅಂತಿದೆ. ಮೂರು ದಿನದಿಂದ ಅದರ ಬೀಗ ನೋಡ್ತಾ ಇದೀನಿ."

"ನಿಮ್ಮನ್ನ ಕರೆಸಿರೋದು ಬರೆಯೋಕೆ. ತನಿಖೆ ಮಾಡೋಕಲ್ಲ."

"ಹಾಗಾದ್ರೆ ಬೀಗದ ಕೈ ಕೊಡಿ. ಎರಡು ದಿನ ನೀರು ಕುಡೀದೆ ಕೆಲಸ ಮಾಡ್ದೆ. ಇವತ್ತು ಆಗಲ್ಲ."

ಮಾಸ್ಟರಿಗೆ ರೇಗಿತು. "ಬಾಗಿಲು ತೆಗೆದಿಟ್ಟು ನೋಡಿ ಆಯ್ತಮ್ಮ. ನಲ್ಲಿ ಕಿತ್ತುಕೊಂಡು ಹೋದ್ರು, ಕನ್ನಡಿ ಒಡೆದ್ರು. ಗಲೀಜಿಗೆ ನೋಟಿಸ್ ಬಂದಿದ್ದು ನನಗೆ. ಮೂರು ಜನ ಗುಡಿಸೋರಿದ್ದ ಕಡೆ ಈಗ ಒಬ್ಬ. ನಾನೇ ಬಕೆಟ್ ಹಿಡಿದು ತೊಳೆದಿದೀನಿ. ಬೀಗ ಹಾಕಿದ ಮೇಲೆ ಒಂದೇ ಒಂದು ದೂರು ಬಂದಿಲ್ಲ."

"ದೂರು ತಗೊಳ್ಳೋರೂ ನೀವೇ ಅಲ್ವಾ. ಗಂಡಸರ ಕಡೆ ನಲ್ಲಿ ಕದ್ದಿಲ್ವಾ?"

"ಕದ್ದಿದಾರೆ."

"ಅಲ್ಲಿ ಬೀಗ ಇಲ್ಲ."

"ಅಲ್ಲಿ ಬೀಗ ಹಾಕಿದ್ರೆ ಪ್ಲಾಟ್‌ಫಾರ್ಮೆಲ್ಲ ಹಾಳು ಮಾಡ್ತಾರೆ," ಎಂದರು ಮಾಸ್ಟರು.

ಅವಳು ಅವರ ಮುಖವನ್ನೇ ನೋಡಿದಳು. ಆಮೇಲೆ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ, ಕೆಳಗಿಳಿದು, ಹಳಿ ದಾಟಿ ಹಳೆಯ ಗೋದಾಮಿನ ಹಿಂದಕ್ಕೆ ನಡೆದಳು. ಮಾಸ್ಟರು ತಮ್ಮ ಕೋಣೆಗೆ ಹೋಗಿ ಮೈಕ್ ತೆಗೆದುಕೊಂಡರು. "ಪೇಂಟರಮ್ಮನವರ ಗಮನಕ್ಕೆ. ಹಳಿ ದಾಟುವುದು ಅಪರಾಧ. ಗೋದಾಮಿನ ಹಿಂದೆ ಹೋದವರು ಕೂಡಲೇ ಹಿಂದಿರುಗಬೇಕು." ಬೆಂಚಿನ ಮೇಲಿದ್ದ ಗಂಡಸರು ಗೊಳ್ಳೆಂದು ನಕ್ಕು, ಗೋದಾಮಿನ ಕಡೆ ಕತ್ತು ಚಾಚಿದರು. ಕಾರ್ಖಾನೆಯ ಪಾಳಿಗೆ ಹೊರಟಿದ್ದ ಹೆಂಗಸರು ನಗಲಿಲ್ಲ.

ಪೇಂಟರ್ ತಲೆ ತಗ್ಗಿಸದೆ ವಾಪಸು ಬಂದಳು. ಏಣಿ ಹತ್ತಿದಳು. ಉಳಿದ ಸಾಲುಗಳಷ್ಟೇ ಮುದ್ದಾದ ಅಕ್ಷರಗಳಲ್ಲಿ ಐದನೇ ಸಾಲು ಬರೆದಳು: "ಮಹಿಳೆಯರ ವಿಶ್ರಾಂತಿ ಕೊಠಡಿ, ಶೌಚಾಲಯ. ಬೀಗ ಹಾಕಿದೆ."

"ಅಳಿಸು ಅದನ್ನ," ಎಂದರು ಮಾಸ್ಟರು. ಬಹುವಚನ ಹಾರಿಹೋಗಿತ್ತು.

"ಸುಳ್ಳಾಗಿದ್ರೆ ಅಳಿಸ್ತೀನಿ." ಅವಳು ಕೆಳಗಿಳಿದು ಕುಂಚ ತೊಳೆಯತೊಡಗಿದಳು.

ಮಾಸ್ಟರು ಅವಳ ಬಣ್ಣ ಒರೆಸುವ ಟರ್ಪೆಂಟೈನ್ ಬಟ್ಟೆ ಕಿತ್ತುಕೊಂಡು ತಾವೇ ಏಣಿ ಹತ್ತಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ತಮ್ಮ ನಿಲ್ದಾಣವನ್ನು ಅಷ್ಟು ಎತ್ತರದಿಂದ ಅವರು ನೋಡಿದ್ದೇ ಇಲ್ಲ. ಗೋದಾಮಿನ ಮುರಿದ ಗೋಡೆಯ ಆಚೆಗೂ ಅಲ್ಲಿಂದ ಕಾಣುತ್ತಿತ್ತು. ಕಾರ್ಖಾನೆಯ ಇಬ್ಬರು ಹೆಂಗಸರು ಒಂದು ಶಾಲನ್ನು ಅಡ್ಡ ಹಿಡಿದು, ಬೆನ್ನು ತಿರುಗಿಸಿ ನಿಂತಿದ್ದರು. ಅದರ ಮರೆಯಿಂದ ವಯಸ್ಸಾದ ಹೆಂಗಸೊಬ್ಬಳು ಮೊಣಕಾಲು ಹಿಡಿದುಕೊಂಡು ಎದ್ದಳು. ಮೈಕಿನ ಮಾತು ಕೇಳಿಸಿಕೊಂಡಿದ್ದಳೋ ಏನೋ, ಅವಸರವಾಗಿ ಹಳಿಯ ಕಡೆ ಹೊರಟಳು.

ಆಗ ಗೂಡ್ಸ್ ಗಾಡಿಯ ಸೀಟಿ ಕೇಳಿಸಿತು. ನಿಲ್ಲದೆ ಹೋಗುವ ಗಾಡಿ. ಸ್ವಲ್ಪ ಹೊತ್ತಿನ ಹಿಂದೆ ಅದಕ್ಕೆ ಹಸಿರು ಸಿಗ್ನಲ್ ಕೊಟ್ಟವರು ಮಾಸ್ಟರೇ. ಅವರು ಕೂಗಿದರು, ಆದರೆ ಗಾಡಿಯ ಸದ್ದಿನಲ್ಲಿ ದನಿ ಮುಳುಗಿಹೋಯಿತು. ಕಂದು ಡಬ್ಬಿಗಳು ಒಂದರ ಹಿಂದೊಂದು ಸಾಗಿದವು. ಆಚೆ ಬದಿ ಏನಾಯಿತೆಂದು ತಿಳಿಯುವಂತಿರಲಿಲ್ಲ.

ಕೊನೆಯ ಡಬ್ಬಿ ದಾಟಿತು. ಮುದುಕಿ ಹಳಿಯ ಆಚೆಗೇ ನಿಂತಿದ್ದಳು. ಕಿರಿಯವಳೊಬ್ಬಳು ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ಹೆಂಗಸರು ಹಳಿ ದಾಟಿ ಬರುವಷ್ಟರಲ್ಲಿ ಮಾಸ್ಟರು ಏಣಿಯ ಬುಡದಲ್ಲಿದ್ದರು. ಮುದುಕಿ ಅವರೆದುರು ಒಂದು ಕ್ಷಣ ನಿಂತಳು.

"ನನ್ನ ಬಗ್ಗೆ ಮೈಕಲ್ಲಿ ಹೇಳಲ್ವಾ?"

ಮಾಸ್ಟರು ತಮ್ಮ ಕೋಣೆಗೆ ನಡೆದರು. ಮೇಜಿನ ಖಾನೆಯಿಂದ ಬೀಗದ ಕೈ ತಂದು ಕೊಠಡಿ ತೆಗೆದರು. ಒಳಗೆ ಸಮಾರಂಭದ ಕುರ್ಚಿಗಳು, ಹೂಕುಂಡಗಳು, ಸುತ್ತಿಟ್ಟ ಬಟ್ಟೆಯ ಬ್ಯಾನರುಗಳು. ಅವನ್ನೆಲ್ಲ ತಾವೇ ಹೊರಗೆಳೆದರು. ಬೆನ್ನು ಹಿಡಿದುಕೊಂಡರೂ ನಿಲ್ಲಿಸಲಿಲ್ಲ. ಕಸ ಗುಡಿಸುವವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಯಾರು ತೊಳೆಯೋದು ಸಾಹೇಬ್ರೆ? ನನಗಿರೋದು ಎರಡೇ ಕೈ."

"ಬೆಳಗ್ಗೆದು ನನ್ನದು. ಸಂಜೆದು ನೀನು ನೋಡ್ಕೋ. ಇನ್ನೊಬ್ಬರನ್ನ ಕೊಡಿ ಅಂತ ನಾಳೆ ಮೇಲಿನವರನ್ನ ಎದುರಿಗೇ ಕೇಳ್ತೀನಿ."

ಅವನು "ಹೂಂ" ಎಂದ. ನಂಬಿದವನ ಹಾಗೆ ಕಾಣಲಿಲ್ಲ.

ಪೇಂಟರ್ ಒಳಗೆ ಹೋಗಿ, ನಲ್ಲಿ ತಿರುಗಿಸಿ ನೋಡಿ ಬಂದಳು. ಆಮೇಲೆ ಐದನೇ ಸಾಲಿನ ಕೊನೆಯ ಎರಡು ಪದಗಳನ್ನು ಒರೆಸಿದಳು. ಥ್ಯಾಂಕ್ಸ್ ಅನ್ನಲಿಲ್ಲ, ಹೋಗಿ ಬರ್ತೀನಿ ಅಂತಲೂ ಅನ್ನಲಿಲ್ಲ.

ಮೇಲಧಿಕಾರಿ ಬಂದರು, ಫಲಕ ಮೆಚ್ಚಿದರು. ಇನ್ನೊಬ್ಬ ಆಳಿನ ಮಾತಿಗೆ "ನೋಡೋಣ" ಎಂದು ಕಾರು ಹತ್ತಿದರು. ವಾರ ಕಳೆಯಿತು. ಮಾಸ್ಟರು ದಿನವೂ ಬೆಳಗಿನ ಗಾಡಿಗೆ ಮೊದಲೇ ಬಂದು, ಪ್ಯಾಂಟು ಮಡಚಿ ಕೊಠಡಿ ತೊಳೆಯುತ್ತಿದ್ದರು. ಹೆಂಗಸರು ಅವರತ್ತ ನೋಡದೆ ಒಳಗೆ ಹೋಗಿ ಬರುತ್ತಿದ್ದರು.

ಒಂದು ದಿನ ಆ ಮುದುಕಿ ಅವರ ಕೋಣೆಯ ಬಾಗಿಲಿಗೇ ಬಂದಳು.

"ಒಳಗಿನ ಚಿಲಕ ಸರಿಯಾಗಿ ಬೀಳಲ್ಲ. ಇದಕ್ಕೆ ಸೌಲಭ್ಯ ಅಂತ ಬರ್ಕೊಂಡಿದೀರಾ?"

ಮಾಸ್ಟರು ಸ್ಕ್ರೂಡ್ರೈವರ್ ಹುಡುಕಿ ತಂದು, ಬಾಗಿಲ ಬಳಿ ಮಂಡಿಯೂರಿ ಕೂತು ಚಿಲಕ ಸರಿಮಾಡಿದರು. ಮುದುಕಿ ತಾನೇ ಎರಡು ಸಲ ಎಳೆದು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿಗಿಯಾಗಿ ಬಿದ್ದ ಸದ್ದಾಯಿತು. ಮಾಸ್ಟರು ಎದ್ದು, ಅಲ್ಲಿಂದ ದೂರ ಹೋಗಿ ನಿಂತರು.